ಶೇಂಗಾ ಒಡೀರಿ, ಗುಳ್ಳಿ ಒಡೀಬ್ಯಾಡ್ರಿ

ಹೊಲದ ಹುಡಿಮಣ್ಣಿನ ಮೇಲೆ ದಪ್ಪ ಹನಿಗಳು ಬಿದ್ದು ಮಳೆ ಅಷ್ಟಕ್ಕೇ ನಿಂತರೆ ಸಣ್ಣ ಸಣ್ಣ ಕುಳಿ ಮೂಡುತ್ತವಲ್ಲ, ಅವರ ಎರಡೂ ಕೆನ್ನೆ ಹಾಗಿದ್ದವು. ಸಂಜೆಯ ಓರೆ ಬಿಸಿಲಿಗೆ ಒಂದೊಂದು ಕುಳಿಯಲ್ಲೂ ನೆರಳು ನಿಲ್ಲುತ್ತಿತ್ತು. ಪೌಡರ್ ಹಚ್ಚಿ ಮುಚ್ಚುವ ಗೋಜಿಗೆ ಅವರು ಹೋದದ್ದನ್ನು ನಾನು ಕಾಣೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚರ್ಮರೋಗದ ದವಾಖಾನೆ ಇಟ್ಟಿದ್ದ ಅವರನ್ನು, ಹೆಣ್ಣುಮಗಳೆಂದು, ಎಲ್ಲರೂ ಗೌರವದಿಂದ ಡಾಕ್ಟರ್ ಬಾಯಾರ ಎನ್ನುತ್ತಿದ್ದರು. ಎದುರಿಗೆ ನಾನೂ ಹಾಗೇ ಕರೆದೆ. ಬೆನ್ನ ಹಿಂದೆ ಅಂದದ್ದನ್ನು ಹೇಳಲಿಕ್ಕೆ ಈಗ ಬರೆಯಲು ಕೂತಿದ್ದೇನೆ.

ಅವರ ದವಾಖಾನೆಯ ಎದುರಿಗೇ ನಮ್ಮ ಔಷಧದ ಅಂಗಡಿ. ಕಲಿತು ಪರವಾನಗಿ ಪಡೆದವನು ನನ್ನ ಮಗ. ಎಸ್ಸೆಸ್ಸೆಲ್ಸಿಗೇ ಸಾಲಿ ಬಿಟ್ಟ ನಾನು ಸುಮ್ಮನೆ ಕೌಂಟರಿನಲ್ಲಿ ಕೂಡುವವನು. ಆದರೂ ನೇಸರಗಿ, ಮುನವಳ್ಳಿ ಕಡೆಯಿಂದ ಬಸ್ಸಿಳಿದ ಜನ ಮಗನನ್ನು ಬಿಟ್ಟು ನನ್ನನ್ನೇ ಕೇಳುತ್ತಿದ್ದರು. "ಕಾಕಾ, ಹುಡುಗಿ ಮುಖದ ತುಂಬ ಗುಳ್ಳಿ ಎದ್ದಾವು. ಒಂದ್ ಟ್ಯೂಬ್ ಕೊಡು."

ಕೊಡುತ್ತಿದ್ದೆ. ಅದು ಇಸುಬಿಗೆಂದು ಡಾಕ್ಟರು ನೋಡಿ ಬರೆದುಕೊಡಬೇಕಾದ ಕಡಕ್ ಔಷಧ. ಮೊಡವೆಗೆ ಹಚ್ಚಿದರೆ ವಾರದೊಳಗೆ ಗುಳ್ಳೆ ಕುಗ್ಗಿ ಮುಖದ ಬಣ್ಣ ತಿಳಿಯಾಗುತ್ತಿತ್ತು. ಕಾಕಾನ ಕೈಗುಣ ಎಂದು ಹೊಗಳುತ್ತಿದ್ದರು. ಅದರ ಮುಂದೇನಾಗುತ್ತದೆಂದು ನಾನು ವಿಚಾರಿಸಲಿಲ್ಲ. ಕೆಟ್ಟ ಮುಖಗಳು ನನ್ನ ಕಡೆ ತಿರುಗಿ ಬರುತ್ತಿರಲಿಲ್ಲ, ಎದುರಿನ ದವಾಖಾನೆಗೆ ಹೋಗುತ್ತಿದ್ದವು.

ಒಂದು ಮಧ್ಯಾಹ್ನ ಬಾಯಾರು ಕೊಡೆ ಹಿಡಿದು ರಸ್ತೆ ದಾಟಿ ನಮ್ಮ ಅಂಗಡಿಗೆ ಬಂದರು.

"ಕಾಕಾರ, ಆ ಟ್ಯೂಬ್ ಮುಖಕ್ಕ ಕೊಡಬ್ಯಾಡ್ರಿ. ಮೊದಲ ಛಲೋ ಕಾಣ್ತದ, ಆಮ್ಯಾಲೆ ಚರ್ಮ ಹಾಳಿ ಹಂಗ ತೆಳ್ಳಗಾಗ್ತದ."

"ಹರೇದ ಗುಳ್ಳಿ ಬಾಯಾರ. ಲಗ್ನಾ ಆದ್ರ ತಾವಽ ಹೋಗತಾವು. ಅಲ್ಲೀತನಕಾ ಅಂತ ಕೊಡತೇನಿ."

ಅವರು ನಕ್ಕರು. "ನಮ್ಮ ಮನ್ಯಾಗೂ ಹಂಗಽ ಅಂದಿದ್ರು. ಗುಳ್ಳಿ ಹೋಗಬೇಕಂದ್ರ ಲಗ್ನಾ ಆಗಬೇಕು. ಲಗ್ನಾ ಆಗಬೇಕಂದ್ರ ಗುಳ್ಳಿ ಹೋಗಬೇಕು. ಮೊದಲ ಯಾವುದ್ರಿ, ಕಾಕಾರ?"

ಅವರಿಗೆ ಮದುವೆಯಾಗಿರಲಿಲ್ಲ. ನಾನು ಟ್ಯೂಬುಗಳ ಡಬ್ಬಿ ಒಳಗೆ ಸರಿಸಿದೆ. ಅಂಗಡಿಯ ಬೆಂಚಿನ ಮೇಲೆ ಹರಟುತ್ತ ಕೂತ ನಾಲ್ಕು ಜನರ ಎದುರು ಸೋತಂತಾಯಿತು. ಅವರು ಮೆಟ್ಟಿಲಿಳಿದರೆಂದುಕೊಂಡು ಬೆಂಚಿನ ಕಡೆ ತಿರುಗಿ ಅಂದೆ: "ತನ್ನ ಮುಖದಾಗ ಗೋಲಿ ಆಡೂವಂಗ ಕುಣಿ ಬಿದ್ದಾವು, ಊರ ಮುಖಾ ಸಪಾಟ ಮಾಡಾಕ ಬಂದಾಳ!"

ಬೆಂಚು ಹೊಟ್ಟೆ ಹಿಡಿದು ನಕ್ಕಿತು. ನಗೆ ನಿಂತಾಗ ನೋಡಿದರೆ ಬಾಯಾರು ಬಾಗಿಲಲ್ಲೇ ಇದ್ದಾರೆ. "ಕೊಡಿ ಮರತಿದ್ದೆ" ಎಂದು ಮೂಲೆಯಲ್ಲಿ ಒರಗಿಸಿದ್ದ ಕೊಡೆ ತೆಗೆದುಕೊಂಡು ಹೋದರು. ನನ್ನ ಮಾತು ಮಾತ್ರ ನಮ್ಮ ಅಂಗಡಿಯಲ್ಲಿ ಉಳಿಯಲಿಲ್ಲ. ಕಾಲೇಜಿನ ಹುಡುಗರ ಬಾಯಿಗೆ ಬಿತ್ತು.

ಮುಂದೆ ನನ್ನ ಮೊಮ್ಮಗಳು ಪಿಯುಸಿಗೆ ಸೇರಿದಳು. ಅವಳ ಕೆನ್ನೆ, ಹಣೆಯ ಮೇಲೆ ಮೊಡವೆ ಎದ್ದವು. ಕನ್ನಡಿ ಮುಂದೆ ನಿಂತು ಅತ್ತಳು. ನೋಡಲಾರದೆ ಅದೇ ಟ್ಯೂಬ್ ಅವಳ ಕೈಗಿಟ್ಟು, "ನಿಮ್ಮಪ್ಪಗ ಹೇಳಬ್ಯಾಡ" ಎಂದೆ. ಮುಖ ಹೊಳೆಯಿತು. ಅವಳು ಬಿಡದೆ ಹಚ್ಚಿದಳು. ಆಮೇಲೆ ಬಿಸಿಲಿಗೆ ಹೋದರೆ ಉರಿ, ಕೆಂಪು, ಗದ್ದದ ಮೇಲೆ ಸಣ್ಣ ಕೂದಲು. ಮೊದಲಿಗಿಂತ ದೊಡ್ಡ, ಕೀವು ತುಂಬಿದ ಗುಳ್ಳೆಗಳು. ಹುಡುಗಿ ಅವನ್ನು ಉಗುರಿನಿಂದ ಒಡೆಯತೊಡಗಿದಳು. ಕಾಲೇಜು ಬಿಟ್ಟಳು. ಊಟಕ್ಕೂ ಮುಖಕ್ಕೆ ಓಡಣಿ ಸುತ್ತಿಕೊಂಡೇ ಬರುತ್ತಿದ್ದಳು.

ಕೊನೆಗೆ ಅವಳನ್ನು ಕರೆದುಕೊಂಡು ನಾನೇ ರಸ್ತೆ ದಾಟಿದೆ.

ಬಾಯಾರ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಮೇಜಿನ ಮೇಲೆ ಒಂದು ತಾಟಿನ ತುಂಬ ಸಿಪ್ಪೆಯ ಶೇಂಗಾ. ಮುಖ ಮುಟ್ಟಿಕೊಳ್ಳುತ್ತ ಕೂತ ಹುಡುಗ ಹುಡುಗಿಯರ ಮುಂದೆ ಅದನ್ನು ಸರಿಸಿ, "ಶೇಂಗಾ ಒಡೀರಿ, ಗುಳ್ಳಿ ಒಡೀಬ್ಯಾಡ್ರಿ" ಅನ್ನುವುದು ಅವರ ರೂಢಿ. ಮೊಮ್ಮಗಳ ಮುಂದೂ ಸರಿಸಿದರು. ಕೈ ತೊಳೆದು, ಒರೆಸಿ, ಅವಳ ಗದ್ದ ಎತ್ತಿ ಬೆಳಕಿಗೆ ಹಿಡಿದರು.

"ಏನ ಹಚ್ಚಿದ್ದಿ, ತಂಗಿ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಅಂದೆ: "ಅರಿಷಿಣ, ಕಡ್ಲಿಹಿಟ್ಟು ರೀ. ಮತ್ತೇನಿಲ್ಲ."

ಹುಡುಗಿ ನನ್ನನ್ನೇ ನೋಡಿದಳು.

"ಕಡ್ಲಿಹಿಟ್ಟಿಗೆ ಗದ್ದದ ಮ್ಯಾಲೆ ಕೂದಲಾ ಬರಂಗಿಲ್ಲ, ಕಾಕಾರ" ಎಂದ ಬಾಯಾರು ತಾಟನ್ನು ನನ್ನ ಕಡೆ ತಿರುಗಿಸಿದರು. "ನೀವೂ ಒಂದೀಟ ಶೇಂಗಾ ಒಡೀರಿ."

ಒಡೆದೆ. ಅವರು ಕಾದರು. ಕಾಳು ಜಾರಿ ನೆಲಕ್ಕೆ ಬಿತ್ತು. ಹುಡುಗಿ ಬಗ್ಗಿ ಅದನ್ನು ಎತ್ತಿಕೊಟ್ಟಾಗ ತಡೆಯದಾಯಿತು. "ನಾನಽ ಕೊಟ್ಟೇನ್ರಿ, ಆ ಟ್ಯೂಬ್."

ನಾನು ಬೈಗುಳಕ್ಕೆ ತಲೆ ತಗ್ಗಿಸಿ ಕೂತಿದ್ದೆ. ಅವರು ನನ್ನನ್ನು ಬಿಟ್ಟು ಹುಡುಗಿಯ ಜೊತೆ ಮಾತಾಡಿದರು. "ಅದನ್ನ ಬಿಡಿಸ್ತೀನಿ. ಬಿಟ್ಟಮ್ಯಾಲೆ ಮೊದಲ ಇನ್ನೂ ಕೆಡ್ತದ, ಅಂಜಿ ಮತ್ತ ಹಚ್ಚಬ್ಯಾಡ. ನಾ ಕೊಡೋ ಔಷಧಿಗೆ ತಿಂಗಳುಗಟ್ಟಲೆ ಬೇಕು, ಅವಸರಾ ಮಾಡೂದಲ್ಲ. ಬಿಸಲಿಗೆ ಮುಖಾ ಕೊಡಬ್ಯಾಡ. ಉಗುರು ಮುಟ್ಟಸಬ್ಯಾಡ. ಗುಳ್ಳಿ ಇದ್ದಾಗ ಬಂದ್ರ ನನ್ನ ಕೈಯಾಗ ಅದ. ಕುಣಿ ಬಿದ್ದಮ್ಯಾಲೆ ಬಂದ್ರ ಪೂರಾ ತುಂಬಿ ಕೊಡಾಕ ಆಗಂಗಿಲ್ಲ. ನನ್ನ ಮುಖಾನಽ ನೋಡು."

ಕುಣಿ. ನಾನು ಬೆಂಚಿನ ಮುಂದೆ ಆಡಿದ್ದ ಅದೇ ಶಬ್ದ. ಅವರು ನನ್ನ ಕಡೆ ನೋಡಿ ಅಂದಿದ್ದರೆ ನನಗೆ ಇಷ್ಟು ನಾಟುತ್ತಿರಲಿಲ್ಲ.

ಗುಳ್ಳೆ ಇಳಿದು ಮುಖ ತಿಳಿಯಾಗಲು ವರ್ಷದ ಮೇಲಾಯಿತು. ನಡುವೆ ಒಮ್ಮೆ ಹುಡುಗಿ ಎಲ್ಲ ಬಿಸಾಡಿ, "ಸಾಕಾತು ಅಜ್ಜಾ" ಎಂದು ಬಾಗಿಲು ಹಾಕಿಕೊಂಡಳು. ಬಾಯಾರು ದವಾಖಾನೆ ಮುಚ್ಚಿ ಮನೆಗೇ ಬಂದರು. ಬಗಲಲ್ಲಿ ಶೇಂಗಾದ ಪೊಟ್ಟಣ. ಬಾಗಿಲ ಹೊರಗೆ ನೆಲದ ಮೇಲೆ ಕೂತು ಒಂದೊಂದೇ ಒಡೆಯುತ್ತಿದ್ದರು. ಆ ಸಪ್ಪಳಕ್ಕೆ ಒಳಗಿನಿಂದ ನಗೆ ಬಂತು, ಆಮೇಲೆ ಚಿಲಕ ಸರಿಯಿತು. ಈಗ ಅವಳು ಓಡಣಿ ಸುತ್ತುವುದಿಲ್ಲ. ಎಡಗೆನ್ನೆಯಲ್ಲಿ, ಒಡೆದುಕೊಂಡ ಕಡೆ, ಎರಡು ಕುಳಿ ಉಳಿದಿವೆ.

ಆ ಟ್ಯೂಬನ್ನು ಚೀಟಿಯಿಲ್ಲದೆ ಕೊಡುವುದನ್ನು ಬಿಟ್ಟೆ. ಆಡಿದ ಮಾತಿಗೆ ತಪ್ಪಾಯಿತೆನ್ನಲು ಮಾತ್ರ ಇವತ್ತು ನಾಳೆ ಎಂದೆ. ರಸ್ತೆಯೇನು ಅಗಲವಿರಲಿಲ್ಲ. ಹೋದ ಚಳಿಗಾಲದಲ್ಲಿ ಬಾಯಾರು ಧಾರವಾಡದ ತಮ್ಮನ ಮನೆಯಲ್ಲಿ ತೀರಿಕೊಂಡರು.

ಸುದ್ದಿ ಬಂದ ಸಂಜೆ ನಮ್ಮ ಬೆಂಚಿನ ಮೇಲೆ ಅವರದೇ ಮಾತು. ಒಳ್ಳೆಯವರು ಎಂದು ಎಲ್ಲರೂ ಮರುಗಿದರು. ಹೊಸಬನೊಬ್ಬ, ಪಾಪ, ಯಾವ ಕೇಡೂ ಬಗೆಯದೆ, "ಗೋಲಿ ಆಡೂ ಕುಣಿ ಅಂತಿದ್ರಲ್ಲ, ಅವರಽ ಏನು?" ಎಂದು ನಕ್ಕ. ಉಳಿದವರೂ ನಕ್ಕರು. ಕೌಂಟರಿನಲ್ಲಿದ್ದ ಮೊಮ್ಮಗಳ ಕೈ ಎಡಗೆನ್ನೆಗೆ ಹೋಯಿತು.

"ಅಜ್ಜಾ, ಇಂಥಾ ಮಾತು ಯಾರು ಕಟ್ಟಿದ್ರು?"

ಗಿರಾಕಿ ಬಂದನೆಂದು ಎದ್ದುಹೋದೆ. ಗಿರಾಕಿ ಯಾರೂ ಬಂದಿರಲಿಲ್ಲ. ಈ ಹಾಳೆಗಳನ್ನು ಮೊದಲು ಓದುವವಳು ಅವಳೇ.