ಅಕ್ಕನಿಗೊಂದು ನಳ್ಳಿ ಬೋನು

ನಮ್ಮ ಫ್ಲ್ಯಾಟಿನ ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕದ ಮೊಳೆಗೆ, ಹಸಿರು ತಂತಿಯ ಪೆಟ್ಟಿಗೆಯೊಂದು ತೂಗುಬಿದ್ದಿದೆ. ಮಳೆಯ ಎರಚಲು ಬಡಿದಾಗಲೆಲ್ಲ ಅದರಿಂದ ಒಂದು ವಾಸನೆ ಏಳುತ್ತದೆ. ಕೆಸರಿನದೂ ಅಲ್ಲ, ಮೀನಿನದೂ ಅಲ್ಲ, ಎರಡರ ನಡುವಿನದು. ಮೊನ್ನೆ ಎದುರು ಮನೆಯ ಆಂಟಿ ಬಟ್ಟೆ ಕ್ಲಿಪ್ಪು ಕೇಳಲು ಬಂದವರು ಅದನ್ನು ನೋಡಿ, "ಗಿಣಿ ಸಾಕ್ತೀರಾ ಮೇಡಂ?" ಎಂದರು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ ಹೂಂ ಎಂದುಬಿಡುವುದು ಸುಲಭ. ನಾನು, ಇಲ್ಲ, ಅದು ಏಡಿ ಹಿಡಿಯುವ ಬೋನು ಎಂದೆ. ಅವರು ಕ್ಲಿಪ್ಪು ತೆಗೆದುಕೊಳ್ಳುವುದನ್ನೇ ಮರೆತು ಹೊರಟುಹೋದರು.

ಅವರು ನಿಂತು ಕೇಳಲಿಲ್ಲ. ನೀವು ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ನಾನು ಮೆಲ್ಲಗೆ ಹೇಳುವವಳಲ್ಲ. ಅಪ್ಪನದು ಗಾರೆ ಕೆಲಸ, ಅಮ್ಮ ಸೊಪ್ಪು ಮಾರುತ್ತಿದ್ದಳು, ಹಳೇ ಕೆಂಗೇರಿಯಲ್ಲಿ ಒಂದೂವರೆ ಕೋಣೆಯ ಮನೆ. ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ ಮೂರನೇ ಸಲಕ್ಕೆ ದಾಟಿ, ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರಾದೆ. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಟೀವಿಯ ಮೇಲ್ಗಡೆ ತೂಗುಹಾಕಿದ್ದೇನೆ. ಯಜಮಾನರು ಕ್ರಿಕೆಟ್ ನೋಡುವಾಗ ಓವರಿಗೊಂದು ಸಲವಾದರೂ ಅದರ ಮೇಲೆ ಕಣ್ಣು ಬೀಳಲಿ ಎಂಬ ಉದ್ದೇಶ.

ಡಿಗ್ರಿ ಬಂದ ದಿನದಿಂದ ನಮ್ಮ ಬಳಗದಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತು. ಯಾರು ಏನು ಕೊಳ್ಳುವುದಿದ್ದರೂ ನನ್ನನ್ನು ಕೇಳಬೇಕು. ಕುಕ್ಕರು, ಮಿಕ್ಸಿ, ಹಾಸಿಗೆ, ಒಮ್ಮೆ ಚಿಕ್ಕಪ್ಪನ ಹಲ್ಲುಸೆಟ್ಟು. ಓದಿದವಳು, ಅವಳಿಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ನಿಜ ಹೇಳಬೇಕೆಂದರೆ ಹಲ್ಲುಸೆಟ್ಟಿನ ಬಗ್ಗೆ ನನಗೇನು ಗೊತ್ತು? ಆದರೆ ಗೊತ್ತಿಲ್ಲ ಎನ್ನಲು ನಾಲಿಗೆ ಬರುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ತಂದ ಡಿಗ್ರಿಗೆ ಅವಮಾನ ಮಾಡಿದ ಹಾಗಾಗುತ್ತದಲ್ಲ. ಹತ್ತು ಕಡೆ ಓದಿ, ಹಾಳೆಯ ಮೇಲೆ ಗೆರೆ ಎಳೆದು, ಒಂದೊಂದು ಗುಣಕ್ಕೂ ಅಂಕ ಹಾಕಿ ತೀರ್ಪು ಕೊಡುತ್ತಿದ್ದೆ. ಚಿಕ್ಕಪ್ಪ ಆ ಸೆಟ್ಟನ್ನು ಊಟದ ಹೊತ್ತಿಗೆ ತೆಗೆದಿಡುತ್ತಿದ್ದುದು ಬೇರೆ ಮಾತು.

ಹೋದ ವರ್ಷ ಹೀಗೇ ಅಕ್ಕನ ಫೋನು ಬಂತು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳು, ನನಗಿಂತ ಆರು ವರ್ಷ ದೊಡ್ಡವಳು, ಶ್ರೀಗಂಧದ ಕಾವಲಿನಲ್ಲಿ ಮಗಳ ಮನೆಯ ಕೆಳಗಿನ ಭಾಗದಲ್ಲಿ ಇದ್ದಾಳೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹದಿನೇಳಕ್ಕೆ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಸೇರಿದವಳು ಮೂವತ್ತೈದು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಎರಡೂ ಮಂಡಿ ಸವೆದುಹೋಗಿ, ಬದಲಾಯಿಸಲು ಆಪರೇಷನ್ ಮಾಡಬೇಕೆಂದು ಡಾಕ್ಟರು ದಿನ ಗೊತ್ತು ಮಾಡಿದ್ದರು. ಅಕ್ಕನಿಗೆ ನೋವಿನ ಹೆದರಿಕೆ ಇರಲಿಲ್ಲ, ಮತ್ತಿನ ಇಂಜೆಕ್ಷನ್ನಿನ ಹೆದರಿಕೆ ಇತ್ತು.

"ಎದ್ರೆ ಎದ್ದೆ, ಇಲ್ದಿದ್ರೆ ಇಲ್ಲ," ಎಂದಳು. "ಅದಕ್ಕೆ ಮುಂಚೆ ಒಂದ್ಸಲ ನನ್ ಕೈಯಾರೆ ನಳ್ಳಿ ಹಿಡೀಬೇಕು ಕಣೇ. ಕುಕ್ಕರುಗಾಲಲ್ಲಿ ಕೂರೋಕಾಗಲ್ಲ. ಕುರ್ಚಿ ಮೇಲೆ ಕೂತ್ಕೊಂಡು ಹಿಡಿಯೋ ಬೋನು ಬರುತ್ತಂತಲ್ಲ, ಒಳ್ಳೇದು ನೋಡಿ ತರಿಸು. ನೀನು ಓದಿರೋಳು."

ನಳ್ಳಿ ಎಂದರೆ ಏಡಿ. ಗದ್ದೆ ಬದುವಿನಲ್ಲಿ ಬಿಲ ಮಾಡಿಕೊಂಡಿರುತ್ತದಲ್ಲ, ಅದು. ಗಾರ್ಮೆಂಟ್ಸಿನಲ್ಲಿ ಅಕ್ಕನ ಜೊತೆ ಒಂದೇ ಹೊಲಿಗೆ ಲೈನಿನಲ್ಲಿ ಕೆಲಸ ಮಾಡಿದ್ದ ಜಯಮ್ಮನವರದು ತಾವರೆಕೆರೆಯಿಂದ ಆಚೆ ಒಂದು ತೋಟ. ಅಲ್ಲಿನ ಕುಂಟೆಯಲ್ಲಿ, ಅಂದರೆ ಮಳೆನೀರು ನಿಲ್ಲುವ ಸಣ್ಣ ಹೊಂಡದಲ್ಲಿ, ನಳ್ಳಿ ತುಂಬಿವೆ, ಬನ್ನಿ ಎಂದು ಕರೆದಿದ್ದರು. ಭಾನುವಾರ ಹೋಗುವುದು, ಬುಧವಾರ ಆಪರೇಷನ್ನು. ನನ್ನ ಕೈಯಲ್ಲಿ ಹತ್ತು ದಿನ.

ಆನ್‌ಲೈನಿನಲ್ಲಿ ಹುಡುಕಲು ಕೂತೆ. ಏಡಿ ಬೋನಿನಲ್ಲಿ ಇಷ್ಟು ಬಗೆ ಇದೆಯೆಂದು ಯಾರಿಗೆ ಗೊತ್ತಿತ್ತು? ಎರಡು ಕಬ್ಬಿಣದ ಚಕ್ರ, ನಡುವೆ ಬಲೆ ಇರುವುದು ಒಂದು. ನೀರಿಗೆ ಬಿಟ್ಟರೆ ತಟ್ಟೆಯ ಹಾಗೆ ತಳದಲ್ಲಿ ಮಲಗುತ್ತದೆ, ಹಗ್ಗ ಎಳೆದರೆ ಬುಟ್ಟಿಯಾಗಿ ಮೇಲೆ ಬರುತ್ತದೆ. ಎಳೆಯುವುದು ನಿಧಾನವಾದರೆ ಏಡಿ ಇಳಿದು ಹೋಗುತ್ತದೆ. ಅಕ್ಕನ ತೋಳಿಗೆ ಆಗದು ಎಂದು ಹೊಡೆದುಹಾಕಿದೆ. ಛತ್ರಿಯ ಹಾಗೆ ಬಿಚ್ಚುವ ನೈಲಾನಿನದು ಇನ್ನೊಂದು, ಹಗುರ. ಆದರೆ ಏಡಿ ಕೊಂಡಿಯಿಂದ ದಾರ ಕತ್ತರಿಸುತ್ತದೆಂದು ಯಾವುದೋ ಸಮುದ್ರತೀರದವನು ಬರೆದಿದ್ದ. ಹೆಚ್ಚು ಅಂಕ ಬಿದ್ದದ್ದು ತಂತಿಯ ಪೆಟ್ಟಿಗೆಗೆ: ಸೂಟ್‌ಕೇಸಿನಂತೆ ಮಡಚಬಹುದು, ತುಕ್ಕು ಹಿಡಿಯದಂತೆ ಪ್ಲಾಸ್ಟಿಕ್ ಲೇಪ, ಒಳಕ್ಕೆ ಮಾತ್ರ ತೆರೆಯುವ ಎರಡು ಬಾಗಿಲು, ನೀರಿನಲ್ಲಿ ಅಲುಗಾಡದಷ್ಟು ತೂಕ. ಜೊತೆಗೆ ಪಕ್ಕದಲ್ಲಿ ಮೂಸಂಬಿ ಹೋಗುವಷ್ಟು ಅಗಲದ ಎರಡು ದುಂಡು ತೂತು, ಮರಿ ಏಡಿಗಳು ತಪ್ಪಿಸಿಕೊಂಡು ಹೋಗಿ ಬೆಳೆಯಲಿ ಎಂದು. ವರ್ಷವರ್ಷವೂ ಪರಿಸರದ ಪಾಠ ಮಾಡುವವಳು ನಾನು. ಆ ತೂತಿಗೆ ಹತ್ತಕ್ಕೆ ಹತ್ತು ಕೊಟ್ಟು, ಅದನ್ನೇ ತರಿಸಿದೆ.

ಕೊಂಡವನೊಬ್ಬ ಹಾಕಿದ್ದ ಫೋಟೋದಲ್ಲಿ ಏಡಿ ದೋಸೆ ಹಂಚಿನಷ್ಟಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ನನ್ನ ನೆನಪಿನ ನಳ್ಳಿಯೂ ಅಷ್ಟೇ ಇತ್ತು. ಕೆಂಗೇರಿ ಕೆರೆಯ ಕೆಳಗೆ ಗದ್ದೆ ಇದ್ದ ಕಾಲ. ಅಕ್ಕ ಬದುವಿನ ಮೇಲೆ ಒಂದು ಮಗ್ಗುಲಾಗಿ ಮಲಗಿ ಬಿಲಕ್ಕೆ ಭುಜದವರೆಗೆ ಕೈ ಇಳಿಸುತ್ತಿದ್ದಳು. ಬಕೆಟ್ಟು ಹಿಡಿದು ನಿಲ್ಲುವುದು ನನ್ನ ಕೆಲಸ. ಕಣ್ಣು ಮುಚ್ಚಿಕೊಂಡೇ ನಿಲ್ಲುತ್ತಿದ್ದೆ. ಬಕೆಟ್ಟಿನ ಗೋಡೆಯನ್ನು ಅವು ಕರಕರ ಕೆರೆಯುವ ಸದ್ದಿನಿಂದಲೇ ಅವುಗಳ ಗಾತ್ರವನ್ನು ಲೆಕ್ಕ ಹಾಕಿದ್ದೆ ಎಂದು ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಹೋದೆವು. ಜಯಮ್ಮನವರು ಕುಂಟೆಯ ದಡದಲ್ಲಿ, ಹೊಂಗೆ ಮರದ ನೆರಳಿಗೆ, ಪ್ಲಾಸ್ಟಿಕ್ ಕುರ್ಚಿ ಹಾಕಿಟ್ಟಿದ್ದರು. ನಾನು ಪೆಟ್ಟಿಗೆಯನ್ನು ಬಿಚ್ಚಿ ನಿಲ್ಲಿಸಿ, ಅದರ ಒಂದೊಂದು ಭಾಗವನ್ನೂ ಇಬ್ಬರಿಗೂ ವಿವರಿಸಿದೆ. ಅವರು ಕ್ಲಾಸಿನ ಮಕ್ಕಳ ಹಾಗೆ ತಲೆಯಾಡಿಸಿದರು. ಕೋಳಿ ಕರುಳನ್ನು ಒಳಗೆ ಕಟ್ಟಿ ನೀರಿಗೆ ಬಿಟ್ಟೆವು. ಅಕ್ಕ ಹಗ್ಗವನ್ನು ಮಣಿಕಟ್ಟಿಗೆ ಒಂದು ಸುತ್ತು ಹಾಕಿಕೊಂಡು ಕೂತಳು. ಮುಖದಲ್ಲಿ ಒಂದು ಕಳೆ ಇತ್ತು, ಅದನ್ನು ಅವಳ ಮಗಳ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಕಾಲು ಗಂಟೆ ಬಿಟ್ಟು ಎಳೆದಳು. ಬೋನು ಖಾಲಿ, ಕರುಳು ಮಾತ್ರ ಅಲ್ಲಲ್ಲಿ ಕಿತ್ತಿತ್ತು. ಮತ್ತೆ ಬಿಟ್ಟು ಎಳೆದಳು, ಖಾಲಿ. ಮೂರನೇ ಸಲ ಕರುಳೂ ಇಲ್ಲ. ನಾನು ನೀರಿನ ಉಷ್ಣತೆ, ಬೆಳಕಿನ ಕೋನ ಎಂದೇನೋ ಕಾರಣ ಕೊಡಲು ಹೊರಟೆ.

"ಟೀಚರಮ್ಮ ತಂದಿರೋ ಬೋನಲ್ವಾ," ಎಂದರು ಜಯಮ್ಮನವರು. "ಮಧ್ಯಾಹ್ನದ ಊಟ ಕೊಟ್ಟು ಕಳಿಸ್ತೈತೆ."

ಅಕ್ಕ ನಗಲಿಲ್ಲ. ಮಣಿಕಟ್ಟಿನ ಹಗ್ಗ ಬಿಚ್ಚಿ ಉಜ್ಜಿಕೊಂಡಳು, ಮತ್ತೆ ಸುತ್ತಿಕೊಂಡಳು. ನಾಲ್ಕನೇ ಸಲ ನಿಧಾನವಾಗಿ ಎಳೆಯುವಾಗ ದಡದ ತಿಳಿನೀರಿನಲ್ಲಿ ಬೋನಿನೊಳಗೆ ಒಂದು ನಳ್ಳಿ ಕಂಡಿತು. ನಿಪ್ಪಟ್ಟಿನಷ್ಟಿತ್ತು. ನಾವು ಮೂವರೂ ನೋಡುತ್ತಿದ್ದಂತೆ ಅದು ನಾನು ಹತ್ತಕ್ಕೆ ಹತ್ತು ಕೊಟ್ಟಿದ್ದ ತೂತಿನ ಮೂಲಕ, ಮದುವೆ ಮನೆಯಲ್ಲಿ ಉಂಡು ಎಲೆಯಡಿಕೆ ಹಾಕಿಕೊಂಡು ಹೊರಡುವವರ ಗತ್ತಿನಲ್ಲಿ, ಹೊರಗೆ ನಡೆದುಹೋಯಿತು.

"ನಳ್ಳಿ ಅಷ್ಟೇನಾ ಇರೋದು?" ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಇನ್ನೆಷ್ಟಿರುತ್ತದೆ, ನೀನು ನೋಡಿ ಎಷ್ಟು ವರ್ಷವಾಯಿತು ಎಂದು ಕೇಳಿದಳು. ನೀನು ಹಿಡಿದು ಎಷ್ಟು ವರ್ಷವಾಯಿತು ಎಂದು ನಾನು ತಿರುಗಿ ಕೇಳಿದೆ.

"ನೀನು ಡಿಗ್ರಿ ಸೇರಿದ ವರ್ಷವೇ ಕೊನೆ. ಲ್ಯಾಬಲ್ಲಿ ಯಾವಳೋ ಸ್ಟೂಲು ಆಚೆಗೆ ಎಳ್ಕೊಂಡ್ಳು, ನನ್ ಪುಸ್ತಕ ನಳ್ಳಿ ವಾಸನೆ ಹೊಡೀತದೆ ಅಂತ ಅತ್ಕೊಂಡು ಬಂದಿದ್ಯಲ್ಲ."

ಅತ್ತದ್ದು ನೆನಪಿತ್ತು. ಆದರೆ ಮನೆಯಲ್ಲಿ ನಳ್ಳಿ ಸಾರು ನಿಂತುಹೋದದ್ದು ಕೆರೆಯ ನೀರು ಕೆಟ್ಟದ್ದರಿಂದ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಹಾಗೆಂದೂ ಅಂದೆ.

"ಕೆರೆ ಕೆಟ್ಟಿದ್ದು ಆಮೇಲೆ ಕಣೇ," ಎಂದಳು. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು, ದೂರಿನ ಸೊಲ್ಲೇ ಇರಲಿಲ್ಲ. ಆಮೇಲೆ ಮದುವೆ, ಮಗು, ಓವರ್‌ಟೈಮು, ಅಭ್ಯಾಸ ತಪ್ಪಿತಂತೆ.

ನನಗೆ ಆ ಬೋನನ್ನು ಎತ್ತಿ ಕುಂಟೆಯ ನಡುವಿಗೆ ಎಸೆಯಬೇಕೆನ್ನಿಸಿತು. ಬೇಡ ಬಿಡು, ವಾಪಸು ಹೋಗುವಾಗ ಮಾರ್ಕೆಟ್ಟಿನಲ್ಲಿ ಏಡಿ ತೆಗೆದುಕೊಂಡು ಹೋಗೋಣ ಎಂದೆ. ನಿಮಗೂ ಇದು ಮೂರ್ಖ ಮಾತೆನ್ನಿಸಿರಬೇಕು. ಅಕ್ಕ, ಬೋನನ್ನು ಇತ್ತ ಕೊಡು ಎಂದು ಕೈ ಚಾಚಿದಳು.

ನೀರು ಸೋರುತ್ತಿದ್ದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ, ಮಗುಚಿ, ಬಾಗಿಲನ್ನು ಬೆರಳಿನಿಂದ ತಳ್ಳಿ ನೋಡಿದಳು. ಗಾರ್ಮೆಂಟ್ಸಿನಲ್ಲಿ ತಪ್ಪು ಬಿದ್ದ ಬಟ್ಟೆಯನ್ನು ಎಸೆಯುವುದಿಲ್ಲವಂತೆ. ಆಲ್ಟರ್ ಎಂದು ಪಕ್ಕಕ್ಕಿಟ್ಟು, ಹೊಲಿಗೆ ಬಿಚ್ಚಿ, ಸರಿ ಮಾಡಿ ಮತ್ತೆ ಲೈನಿಗೆ ಬಿಡುತ್ತಾರೆ. ಅಕ್ಕ ಕೊನೆಯ ಹತ್ತು ವರ್ಷ ಮಾಡಿದ್ದು ಅದೇ ಕೆಲಸ.

"ಬಾಗಿಲು ಚೆನ್ನಾಗೈತೆ, ತೂಕ ಚೆನ್ನಾಗೈತೆ," ಎಂದಳು. "ಈ ಎರಡು ತೂತು ಮಾತ್ರ ಡಿಫೆಕ್ಟು. ಆಲ್ಟರ್ ಮಾಡಿದ್ರೆ ಪಾಸಾಗುತ್ತೆ."

ಜಯಮ್ಮನವರು ಖಾಲಿ ಗೊಬ್ಬರದ ಚೀಲವನ್ನೂ ದಬ್ಬಳವನ್ನೂ ತಂದರು. ಚೀಲದ ತಳಕ್ಕೆ ಹಾಕಿದ ಹೊಲಿಗೆ ನಿಮಗೆ ಗೊತ್ತಲ್ಲ, ಸರಿಯಾದ ತುದಿ ಸಿಕ್ಕಿದರೆ ಒಂದೇ ಎಳೆತಕ್ಕೆ ಸರಸರ ಬಿಚ್ಚಿಕೊಳ್ಳುತ್ತದೆ, ಸಿಗದಿದ್ದರೆ ಉಗುರು ಕಿತ್ತುಬಂದರೂ ಬಿಚ್ಚುವುದಿಲ್ಲ. ನನಗೆ ಆ ತುದಿ ಈವರೆಗೆ ಸಿಕ್ಕಿಲ್ಲ. ಅಕ್ಕ ನೋಡದೆಯೇ ಎಳೆದಳು. ಮಾರುದ್ದದ ದಾರ ಮಡಿಲಿಗೆ ಬಿತ್ತು. ಅದನ್ನು ದಬ್ಬಳಕ್ಕೆ ಪೋಣಿಸಿ ತೂತಿನ ಅಡ್ಡಕ್ಕೂ ಉದ್ದಕ್ಕೂ ಹೆಣೆಯತೊಡಗಿದಳು. ತಂತಿಯನ್ನು ಬಿಗಿಯಾಗಿ ಹಿಡಿದಿರು ಎಂದು ನನಗೆ ಹೇಳಿದಳು. ಹಿಡಿದಿದ್ದೆ. ಎರಡು ಸಲ ಚುಚ್ಚಿಸಿಕೊಂಡೆ. ಕೈ ಅಲ್ಲಾಡಿಸಬೇಡ್ವೇ ಎಂದು ಬೈಸಿಕೊಂಡೆ. ಮೂವತ್ತು ವರ್ಷ ಮಕ್ಕಳನ್ನು ಬೈದವಳಿಗೆ ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಬೋನು ಮತ್ತೆ ನೀರಿಗಿಳಿಯಿತು. ನಾನು ಏನೋ ಹೇಳಲು ಬಾಯಿ ತೆರೆದೆ, ಅಕ್ಕ ಕೈ ಎತ್ತಿ ಸುಮ್ಮನಿರಿಸಿದಳು. ಅರ್ಧ ಗಂಟೆ ಕಾದೆವು. ಹಗ್ಗ ಎಳೆಯುವಾಗಲೇ ಅವಳಿಗೆ ತಿಳಿಯಿತು, ತುಟಿ ಕಚ್ಚಿಕೊಂಡಳು. ಒಳಗೆ ಮೂರಿದ್ದವು, ಒಂದರ ಮೇಲೊಂದು ಹತ್ತಿ ತೂತು ಹುಡುಕುತ್ತಿದ್ದವು. ಅಕ್ಕ ಬಾಗಿಲಿನೊಳಗೆ ಕೈ ತೂರಿಸಿ, ಎಲ್ಲಕ್ಕಿಂತ ದೊಡ್ಡದನ್ನು ಹಿಂದಿನಿಂದ ಎರಡು ಬೆರಳಲ್ಲಿ ಹಿಡಿದು ಹೊರಗೆ ತೆಗೆದಳು. ಅದು ಗಾಳಿಯಲ್ಲಿ ಎಂಟು ಕಾಲನ್ನೂ ತುಳಿಯುತ್ತಿತ್ತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ.

"ನೋಡ್ಕೋ," ಎಂದಳು. "ಇಷ್ಟೇ ಇರೋದು."

ಮಧ್ಯಾಹ್ನ ಜಯಮ್ಮನವರ ಮನೆಯಲ್ಲಿ ಮುದ್ದೆ, ನಳ್ಳಿ ಸಾರು. ನಾನೂ ಉಂಡೆ. ಸಾರು ಸೊರ್ ಎನ್ನಿಸಿ ಹೀರಿದೆನೆಂದು ಜಯಮ್ಮನವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಬುಧವಾರ ಅಕ್ಕ ಮತ್ತಿನಿಂದ ಎದ್ದಳು. ಎದ್ದವಳೇ ಕಾಫಿ ಕೇಳಿ, ಕೊಡುವುದಿಲ್ಲವೆಂದ ನರ್ಸಮ್ಮನ ಹತ್ತಿರ ವಾದಕ್ಕೆ ನಿಂತಳು. ಈಗ ಬಸ್‌ಸ್ಟಾಪಿನವರೆಗೆ ಕೋಲಿಲ್ಲದೆ ನಡೆಯುತ್ತಾಳೆ. ನೆಲದ ಮೇಲೆ ಕೂರುವುದು ಮಾತ್ರ ಇನ್ನಿಲ್ಲ.

ಬಳಗದವರು ಇಂದಿಗೂ ನನ್ನನ್ನು ಕೇಳುತ್ತಾರೆ. ಹೋದ ತಿಂಗಳು ಮೈದುನನ ಸೊಸೆಗೆ ಗ್ರೈಂಡರು ಬೇಕಾಗಿತ್ತು. ಏನು ರುಬ್ಬುತ್ತೀಯಮ್ಮ, ಎಷ್ಟು ಜನಕ್ಕೆ, ಎಲ್ಲಿ ಇಡುತ್ತೀಯ ಎಂದು ಕೇಳುತ್ತಾ ಹೋದೆ. ಆಂಟಿಗೆ ಮೊದಲಿನ ಹಾಗೆ ಪಟ್ಟಂತ ಹೇಳೋಕಾಗ್ತಿಲ್ಲ, ವಯಸ್ಸಾಯ್ತು ಎಂದು ಅವಳು ಗಂಡನಿಗೆ ಹೇಳಿದಳಂತೆ. ಹೇಳಿಕೊಳ್ಳಲಿ.

ಈ ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. ಮಳೆ ಬಿದ್ದು ಜಯಮ್ಮನ ಕುಂಟೆ ತುಂಬಿದೆಯಂತೆ, ಬದುವಿನ ತುಂಬಾ ಬಿಲವಂತೆ. ಬೋನು ತೊಳೆದು ತರಲೇ ಎಂದು ಕೇಳಿದೆ. ಬೇಡ ಎಂದಳು.

"ಬಿಲದಲ್ಲಿರೋದಕ್ಕೆ ಬೋನ್ಯಾಕೆ? ನಾನು ಕುರ್ಚಿಲಿ ಕೂತು ಹೇಳ್ತೀನಿ, ನೀನು ಮಲಗಿ ಕೈ ಹಾಕು. ಬಳೆ ಬಿಚ್ಚಿಟ್ಟು ಬಾ, ಸಿಕ್ಕಾಕ್ಕೊಳ್ತವೆ."

ಇನ್ನೊಂದು ಗಂಟೆಗೆ ಹೊರಡಬೇಕು. ವಾಚು ಬಿಚ್ಚಿ ಮೇಜಿನ ಮೇಲಿಟ್ಟಾಯಿತು. ಎಡಗೈ ಬಳೆಯೂ ಬಂತು. ಬಲಗೈಯದು ಮದುವೆಯ ಹೊತ್ತಿಗೆ ಹಾಕಿದ್ದು, ಗೆಣ್ಣು ದಾಟುತ್ತಿಲ್ಲ. ನೀವು ಇಲ್ಲೇ ಕೂತಿರಿ, ಸೋಪು ಹಚ್ಚಿಕೊಂಡು ಬರುತ್ತೇನೆ.