ಉಲ್ರಿಕೆಯ ಸಾವಿನಂಗಿ

ಉಲ್ರಿಕೆ ತೊಂಬತ್ತೆರಡು ವರ್ಷ ಬದುಕಿದಳು. ಅಷ್ಟು ಕಾಲ ಬದುಕುವ ಆಸೆ ಅವಳಿಗೇನೂ ಇರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಯಾರಾದರೂ "ಯಾವಾಗ ಅಜ್ಜೀ ಹೊರಡೋದು?" ಎಂದು ಕೆಣಕಿದರೆ, "ಅಂಗಿ ಆಗ್ಲಿ ಕಣೇ, ನಿನ್ನ ಕೇಳ್ದೇನೇ ಹೊರಡ್ತೀನಿ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ.

ಜರ್ಮನಿಯ ಪೊಮೆರೇನಿಯಾ ಬಿಟ್ಟು ಬಂದ ನಮ್ಮ ಹೆಂಗಸರ ಮರದ ಪೆಟ್ಟಿಗೆಯ ತಳದಲ್ಲಿ ಆ ಕಾಲದಲ್ಲಿ ಎರಡು ಅಂಗಿ ಇರುತ್ತಿದ್ದವು. ಮದುವೆಗೆ ಮುಂಚೆಯೇ ಹುಡುಗಿ ತನಗೊಂದು, ಗಂಡನಾಗುವವನಿಗೊಂದು ಸಾವಿನಂಗಿ ಹೊಲಿದಿಡಬೇಕು. ಕಡೆಯ ದಿನ ಸತ್ತವರೆಲ್ಲ ಎದ್ದು ದೇವರ ಮುಂದೆ ನಿಲ್ಲುವಾಗ ಮೈಮೇಲಿರುವುದು ಅದೇ. ಉಲ್ರಿಕೆಯ ಅಂಗಿಗೆ ಅವಳೂ ತಾಯಿಯೂ ಸೇರಿ ಅಗಸೆ ಬೆಳೆದು, ಬುಡಸಮೇತ ಕಿತ್ತು, ಹೊಂಡದಲ್ಲಿ ಕೊಳೆಹಾಕಿ, ಬಡಿದು, ಬಾಚಿ, ನಾರು ತೆಗೆದು ನೂತು ನೇಯ್ದಿದ್ದರು. ಅಂಚಿನುದ್ದಕ್ಕೂ ನೀಲಿ ದಾರದ ಹೊಲಿಗೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡ ಆಗುಸ್ಟ್‌ನ ಜೊತೆ ಹಡಗು ಹತ್ತಿದವಳು ಏಳು ವಾರ ಆ ಪೆಟ್ಟಿಗೆಗೇ ತಲೆಯಿಟ್ಟು ಮಲಗಿದಳು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇಬ್ಬರೂ ಮರ ಕಡಿದು, ಬೊಡ್ಡೆ ಕಿತ್ತು, ನಲವತ್ತು ಎಕರೆ ಹೊಲ ಮಾಡಿದರು. ನಾಲ್ಕು ಮಕ್ಕಳಾದವು. ಹನ್ನೊಂದನೆಯ ಚಳಿಗಾಲದಲ್ಲಿ ಗಂಟಲಮಾರಿ ಬಂದು ಒಂಬತ್ತೇ ದಿನದಲ್ಲಿ ಮೂವರನ್ನು ಎತ್ತಿಕೊಂಡು ಹೋಯಿತು. ಉಳಿದವನು ಏಳು ವರ್ಷದ ಹುಗೋ ಒಬ್ಬನೇ. ಮಕ್ಕಳಿಗೆ ಸಾವಿನಂಗಿ ಯಾರು ಹೊಲಿದಿಟ್ಟಿರುತ್ತಾರೆ? ಉಲ್ರಿಕೆ ಪೆಟ್ಟಿಗೆ ತೆಗೆದು ತನ್ನದನ್ನೇ ಕತ್ತರಿಸಿದಳು. ದೊಡ್ಡವಳಿಗೆ ಬೆನ್ನಿನ ಭಾಗ, ನಡುವಿನವನಿಗೆ ಎದೆಯ ಭಾಗ, ವರ್ಷ ತುಂಬದ ಕೂಸಿಗೆ ಒಂದು ತೋಳು ಸಾಕಾಯಿತು. ಮೂರು ತುಂಡಿಗೂ ನೀಲಿ ಅಂಚು ಬಂತು.

"ನಿನಗೇನು ಮಾಡ್ತೀಯ?" ಎಂದ ಆಗುಸ್ಟ್.

"ಇದೇ ಥರದ್ದು ಇನ್ನೊಂದು ಮಾಡ್ಕೋತೀನಿ. ಅವತ್ತು ಎದ್ದಾಗ ನಾನು ಮುದುಕಿ ಆಗಿರ್ತೀನಿ. ಕೂಸಿಗೆ ನನ್ನ ಮುಖ ಎಲ್ಲಿ ಗೊತ್ತಾಗುತ್ತೆ? ಅಂಚು ನೋಡ್ಕೊಂಡು ಬರ್ಲಿ."

ಆಮೇಲಿನ ಅವಳ ಬದುಕಿಗೆ ಇದೊಂದೇ ಗುರಿ. ಹಿತ್ತಲಲ್ಲಿ ಅಗಸೆ ಬಿತ್ತಿ ಎರಡು ವರ್ಷದಲ್ಲಿ ಇನ್ನೊಂದು ಅಂಗಿ ಮಾಡಿದಳು, ಅದೇ ಅಳತೆ, ಅದೇ ನೀಲಿ. ಆಗುಸ್ಟ್ ತನ್ನ ಅಂಗಿಯಲ್ಲೇ ಮಣ್ಣಾದ. ಹುಗೋ ಬೆಳೆದು ಅಲ್ಮಾಳನ್ನು ಮದುವೆಯಾದ. ಅಲ್ಮಾ ಇಲ್ಲೇ ಹುಟ್ಟಿದವಳು, ಅಂಗಡಿ ಬಟ್ಟೆಯವಳು. ಅತ್ತೆಯ ಪೆಟ್ಟಿಗೆ ಕಂಡರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಜರ್ಮನಿಯೊಂದಿಗೆ ಯುದ್ಧ ಬಂದದ್ದೇ ನೆಪ, ಐವತ್ತು ವರ್ಷ ಹಾಲು ಬೆಣ್ಣೆ ಕೊಂಡ ನೆರೆಯವರಿಗೆ ನಾವೆಲ್ಲ ಶತ್ರುಗಳಾದೆವು. ಒಂದು ಬೆಳಗ್ಗೆ ಎದ್ದು ನೋಡಿದರೆ ಹುಗೋನ ಕೊಟ್ಟಿಗೆಯ ಬಾಗಿಲಿಗೆ ಯಾರೋ ದ್ರೋಹಿಗಳ ಮನೆ ಎಂದು ಹಳದಿ ಬಣ್ಣ ಬಳಿದಿದ್ದರು. ಅದೇ ವಾರ ಸಿಪಾಯಿಗಳ ಗಾಯಕ್ಕೆ ಕಟ್ಟುವ ಪಟ್ಟಿಗೆಂದು ಹಳೆಯ ನಾರುಬಟ್ಟೆ ಕೂಡಿಸಲು ಪಟ್ಟಣದ ಹೆಂಗಸರು ಬಂದರು. ತಾಯಿ ಮೊಟ್ಟೆ ಮಾರಲು ಹೋಗಿದ್ದಳು. ನಾವೂ ಈ ದೇಶದವರೇ ಎಂದು ತೋರಿಸಲು ಹುಗೋ ತಾಯಿಯ ಪೆಟ್ಟಿಗೆ ತೆಗೆದು ಮನೆಯಲ್ಲಿದ್ದ ಅತ್ಯುತ್ತಮ ನಾರುಬಟ್ಟೆಯನ್ನೇ ಎತ್ತಿಕೊಟ್ಟ.

ಅವಳು ಬಂದು ಪೆಟ್ಟಿಗೆ ನೋಡಿದಳು.

"ಅವ್ವಾ, ಇನ್ನೊಂದು ಮಾಡ್ಕೋಬಹುದಲ್ಲ," ಎಂದ ನಲವತ್ತಾರು ವರ್ಷದ ಮಗ, ನೆಲ ನೋಡುತ್ತ.

"ನಿನ್ನ ಹೆಂಡ್ತಿ ರೇಷ್ಮೆ ಲಂಗ ಕೊಡ್ಬೇಕಿತ್ತು!"

"ಅವರು ನಾರುಬಟ್ಟೆ ಕೇಳಿದ್ರು."

"ನೀನು ಹೆದರಿದೆ. ಹೆದರಿ ನಿನ್ನ ತಮ್ಮ ತಂಗಿ ಗುರುತು ದಾನ ಮಾಡ್ದೆ." ಅಷ್ಟೇ ಅಂದಳು. ಆಮೇಲೆ ಹದಿಮೂರು ವರ್ಷ ಒಂದೇ ಮೇಜಿನಲ್ಲಿ ಉಂಡರೂ ಮಗನಿಗೆ ಉಪ್ಪು ಬೇಕೇ ಎಂದು ಸಹ ಅವಳು ಕೇಳಲಿಲ್ಲ. ಮಗನ ತಟ್ಟೆಗೆ ಆಲೂಗಡ್ಡೆ ಬಡಿಸುವಳು, ಮಾತಿಲ್ಲ. ಕಲ್ಲುಮನಸ್ಸು ಎಂದು ಊರು ಆಡಿಕೊಂಡಿತು. ಆಡಿಕೊಂಡವರ ಪೆಟ್ಟಿಗೆಗೆ ಯಾರೂ ಕೈ ಹಾಕಿರಲಿಲ್ಲ.

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಅಗಸೆ ಬಿತ್ತಿದಳು. ಕೀಲು ಹಿಡಿದ ಬೆರಳುಗಳಲ್ಲಿ ನೂತು, ಅಟ್ಟದ ಮಗ್ಗ ಇಳಿಸಿ, ಆರು ವರ್ಷಕ್ಕೆ ಮೂರನೆಯ ಅಂಗಿ ಮುಗಿಸಿದಳು. ಅದನ್ನು ದಿಂಬಿನ ಕೆಳಗಿಟ್ಟು ಮಲಗಿ ಐದು ವರ್ಷ ಸಾವಿಗೆ ಕಾದಳು. ಸಾವು ಬಂತು, ಆದರೆ ಕೊಟ್ಟಿಗೆಗೆ. ಐವತ್ತೊಂಬತ್ತರ ಹುಗೋ ಹಾಲು ಕರೆಯುತ್ತ ಕೂತಲ್ಲೇ ವಾಲಿದ.

ಪಟ್ಟಣದಿಂದ ಶವಪೆಟ್ಟಿಗೆಯವನು ಬಂದ. ಹುಗೋನನ್ನು ಹೊಸ ಕಪ್ಪು ಕೋಟು, ಬಿಳಿ ಕಾಲರು ಹಾಕಿ ಮಲಗಿಸಿದ. ಉಲ್ರಿಕೆ ಬಂದು, ಕೋಟು ಸುಕ್ಕಾಗಿದೆಯೆಂದು ಎಳೆಯಲು ಮಗನ ಬೆನ್ನ ಕೆಳಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ತಣ್ಣನೆಯ ಚರ್ಮ. ಕೋಟಿಗೆ ಮುಂಭಾಗ ಮಾತ್ರ ಇತ್ತು, ಹಿಂದೆ ಏನೂ ಇರಲಿಲ್ಲ.

"ಬೆನ್ನೆಲ್ಲ ಬರೀ ಮೈ!"

"ಈಗ ಎಲ್ರಿಗೂ ಹೀಗೇ ಅಜ್ಜಿ. ಮುಂದೆ ಮಾತ್ರ ತಾನೇ ಕಾಣೋದು."

"ಮಲಗಿದವರ ಬೆನ್ನು ಯಾರು ನೋಡ್ತಾರೆ ಅತ್ತೆ?" ಎಂದಳು ಅಲ್ಮಾ ಮೂಗೊರೆಸಿಕೊಳ್ಳುತ್ತ.

"ಮಲಗೇ ಇರ್ತಾನೇನೇ? ಅವತ್ತು ಎದ್ದು ನಿಂತಾಗ ಹಿಂದಿರೋರು ನಗ್ತಾರೆ."

ಮಹಡಿಗೆ ಹೋಗಿ ಅಂಗಿ ತಂದಳು. ಹೆಂಗಸಿನ ಅಂಗಿ ಗಂಡಸಿನ ಮೈಗೆ ಹಿಡಿಸುವಂತಿರಲಿಲ್ಲ. ಕತ್ತರಿ ಕೇಳಿ ಈಸಿಕೊಂಡು ಎದೆಯಿಂದ ಕೆಳಗಿನವರೆಗೂ ಸೀಳಿದಳು. ಇಬ್ಬರು ಗಂಡಸರಿಂದ ಮಗನನ್ನು ಎತ್ತಿಸಿ ಬೆನ್ನ ಕೆಳಗೆ ಹಾಸಿ, ಪಕ್ಕಗಳಿಗೆ ಸುತ್ತಿ, ನೀಲಿ ಅಂಚು ಕಾಣುವಂತೆ ಕೊರಳ ಬಳಿ ಎಳೆದಳು.

"ಪಾಪ, ಕೊನೆಗೂ ಕ್ಷಮಿಸಿದಿರಿ," ಎಂದರು ಪಾದ್ರಿಗಳು.

"ಇಲ್ಲ ಸ್ವಾಮಿ, ಕ್ಷಮಿಸಿಲ್ಲ. ಹೆತ್ತಿದ್ದೀನಿ, ಬರೀಮೈಲಿ ಕಳಿಸಲ್ಲ, ಅಷ್ಟೇ."

ಮರುವಸಂತ ಎಂಬತ್ತಾರರ ಮುದುಕಿ ಸೊಸೆಗೆ, "ಹಿತ್ತಲಲ್ಲಿ ಒಂದು ಮಡಿ ಬಿಡೇ" ಎಂದಳು. ಅಲ್ಮಾ ಬಿಟ್ಟಳು. ಅಗಸೆ ನೀಲಿ ಹೂವಾಯಿತು, ನಾರೂ ಆಯಿತು. ಆದರೆ ಕಣ್ಣು ಹೋಗಿತ್ತು. ಕುರುಡುಗೈಯಲ್ಲಿ ಗಂಟು ಗಂಟಾಗಿ ನೂತಳು, ಮಗ್ಗಕ್ಕೆ ಏರಿಸಲು ಆಗಲಿಲ್ಲ. ಕೊನೆಯ ಎರಡು ವರ್ಷ ಹಾಸಿಗೆಯಲ್ಲಿ ಆ ನೂಲುಂಡೆ ಹಿಡಿದೇ ಮಲಗಿರುತ್ತಿದ್ದಳು. "ಸ್ವಲ್ಪ ತಡಿಯೋ ಕಂದ, ಅಂಚು ಒಂದು ಬಾಕಿ" ಎಂದು ಯಾರಿಗೋ ಹೇಳುತ್ತಿದ್ದಳು.

ಅವಳು ತೀರಿಕೊಂಡಾಗ ಅಲ್ಮಾ ಪಟ್ಟಣದ ಅದೇ ಶವಪೆಟ್ಟಿಗೆಯವನ ಅಂಗಡಿಯಿಂದ ಬೂದು ರೇಷ್ಮೆಯ ಉಡುಪು ತರಿಸಿದಳು, ಕೊರಳಿಗೆ ಕಸೂತಿ ಇದ್ದದ್ದು. ಎಷ್ಟು ಲಕ್ಷಣವಾಗಿ ಕಾಣುತ್ತಾಳೆ ಎಂದು ಬಂದವರೆಲ್ಲ ಹೊಗಳಿದರು. ಅಲ್ಮಾ ಬೆನ್ನ ಕೆಳಗೆ ಕೈ ಹಾಕಿ ನೋಡಲಿಲ್ಲ, ಅವಳಿಗೆ ಗೊತ್ತಿತ್ತು. ಮುಚ್ಚಳ ಹಾಕಿ ಮೊಳೆ ಹೊಡೆದರು.

ನೂಲುಂಡೆ ಹಾಸಿಗೆ ಒಣಹಾಕುವಾಗ ಸಿಕ್ಕಿತು. ಆ ಬೇಸಿಗೆ ಅಲ್ಮಾ ಅದರಲ್ಲಿ ಹುರುಳಿಕಾಯಿ ಬಳ್ಳಿಗಳನ್ನು ಕೋಲಿಗೆ ಕಟ್ಟಿದಳು. ಎರಡು ವರ್ಷ ಮಳೆ ಬಿಸಿಲಿಗೆ ನೆನೆದು ಒಣಗಿದರೂ ಅದು ಹರಿಯಲಿಲ್ಲ.