ಧಾರೆಗೂ ಬಿಚ್ಚದ ವಾಚು

ಮೂರು ವರ್ಷದ ಹಿಂದಿನ ಮಾತು. ನನ್ನ ಮದುವೆಗೆ ಇನ್ನು ಹನ್ನೆರಡೇ ದಿನ ಇತ್ತು. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ತೀರಿಕೊಂಡ ಮೇಲೆ ಅವರ ಮಗ್ಗದಲ್ಲಿ ಕೂತವಳು ನಾನು. ಮನೆಗೆ ಹಿರಿಯರು ಅಂದರೆ ದೊಡ್ಡಪ್ಪ.

ಹುಡುಗ ಗೋಪಿನಾಥಂನವರು, ಹೆಸರು ಮುರುಗೇಶ್. ಹೊಳೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವುದು ಅವರ ಕೆಲಸ. ಹೆಣ್ಣು ನೋಡಲು ಬಂದ ದಿನ ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ನನಗೆ ಅವರು ಹಿಡಿಸಿದ್ದೂ ಅದಕ್ಕೇ. ದೊಡ್ಡಪ್ಪನಿಗೂ ಹುಡುಗ ಒಪ್ಪಿಗೆಯೇ, ಆದರೆ ಅವರ ಕೆಲಸ ಬಾಯಿಬಿಟ್ಟು ಹೇಳಲು ನಾಚಿಕೆ. ಯಾರು ಕೇಳಿದರೂ "ಉಡ್ಗ ಡಿಪಾರ್ಟ್‌ಮೆಂಟು" ಎಂದುಬಿಡುತ್ತಿದ್ದರು. ನಮ್ಮ ಕಡೆ ಅಷ್ಟು ಹೇಳಿದರೆ ಸಾಕು, ಫಾರೆಸ್ಟೋ ಪೊಲೀಸೋ ಇರಬೇಕೆಂದು ಜನ ತಲೆಯಾಡಿಸುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಮ್ಮಲ್ಲಿ ಧಾರೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿಗೆ ವಾಚು ಕಟ್ಟಬೇಕು. ಅದನ್ನು ತರಲು ನಾನೂ ದೊಡ್ಡಪ್ಪನೂ ಬಜಾರಿಗೆ ಹೋದೆವು. ಅಂಗಡಿಯವರು ಎರಡು ತೆಗೆದಿಟ್ಟರು. ಒಂದು ಡ್ರೆಸ್ ವಾಚು. ತೆಳ್ಳಗೆ, ಚಿನ್ನದ ಬಣ್ಣ, ಕಪ್ಪು ಚರ್ಮದ ಪಟ್ಟಿ. ಇನ್ನೊಂದು ಡೈವ್ ವಾಚು. ದಪ್ಪಗೆ, ಗಾಜಿನ ಸುತ್ತ ಹಲ್ಲುಹಲ್ಲಾದ ಬಳೆ, ನೀರಲ್ಲಿ ಮುಳುಗಿದರೂ ಓಡುವಂಥದ್ದು.

ದೊಡ್ಡಪ್ಪ ಚಿನ್ನದ ಬಣ್ಣದ್ದನ್ನೇ ಹಿಡಿದರು. "ಇದ್ನ ಕಟ್ಕಂಡ್ರೆ ಆಫೀಸರ್ ತರ ಕಾಣ್ತನೆ ಕಣ್ ಕೂಸೇ."

"ಅವ್ರು ಆಫೀಸರಲ್ವಲ್ಲ ದೊಡ್ಡಪ್ಪಾ. ದಿನಾ ನೀರಲ್ಲಿರೋರ್ಗೆ ನೀರು ಕಂಡ್ರೆ ಎದ್ರೋ ವಾಚ್ಯಾಕೆ?"

ನಾನು ಡೈವ್ ವಾಚನ್ನು ಕೈಗೆ ಸುತ್ತಿ ನೋಡಿದೆ. ಅದರ ಹಲ್ಲು ಸೆರಗಿಗೆ ಸಿಕ್ಕಿ ಒಂದು ಎಳೆ ಎದ್ದೇಬಿಟ್ಟಿತು. ನೇಯುವವರ ಮುಂದೆ ಎಳೆ ಕಿತ್ತರೆ ಸುಮ್ಮನಿರುತ್ತಾರೆಯೇ?

"ನೋಡ್ದ! ಮದ್ವೆ ವಸ್ತು ತಕಳಕ್ ಬಂದ್ರೆ ಎಳೆ ಕಿತ್ತಾಕ್ತು. ಮೀನಿಡಿಯೋನು ಅಂತ ಊರ್ಗೆಲ್ಲಾ ಟಾಂಟಾಂ ಒಡೆಸ್ಬೇಕಾ?"

"ಒಡೆಸಿ. ಎಳೆ ನಾನ್ ಸರಿ ಮಾಡ್ಕತೀನಿ. ಈ ವಾಚ್ ತಕಳ್ದಿದ್ರೆ ಧಾರೆ ಸೀರೆ ಮಗ್ಗದಿಂದ ಇಳ್ಸಾಕಿಲ್ಲ," ಎಂದೆ. ನನ್ನ ಧಾರೆ ಸೀರೆ ನಾನೇ ನೇಯುತ್ತಿದ್ದೆ, ಸೆರಗು ಇನ್ನೂ ಬಾಕಿ ಇತ್ತು. ಅಂಗಡಿಯವರು ನಕ್ಕರು. ದೊಡ್ಡಪ್ಪ ನಗಲಿಲ್ಲ. ಡೈವ್ ವಾಚನ್ನೇ ತಂದೆವು, ಮದುವೆಯವರೆಗೂ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಧಾರೆಯ ಹೊತ್ತು ಬಂತು. ಎರೆಯುವವರು ದೊಡ್ಡಪ್ಪ, ದೊಡ್ಡಮ್ಮ. ಪುರೋಹಿತರು, "ಹಾಲು ನೀರು ಬೀಳುತ್ತೆ, ವಾಚು ಬಿಚ್ಚಿಡಿ" ಎಂದರು. ಮುರುಗೇಶ್ ಪಟ್ಟಿಗೆ ಕೈ ಹಾಕಿದರು. ಮದುವಣಗಿತ್ತಿ ತಲೆ ತಗ್ಗಿಸಿರಬೇಕು ಅನ್ನುವುದನ್ನೇ ಮರೆತು ನಾನು, "ಬಿಚ್ಬೇಡಿ, ಇರ್ಲಿ" ಎಂದೆ. ಮಂಟಪದಲ್ಲೆಲ್ಲ ನಗು. ದೊಡ್ಡಪ್ಪ ಎರೆದ ಹಾಲು ನೀರು ವಾಚಿನ ಗಾಜಿನ ಮೇಲೇ ಹರಿಯಿತು. ಅವರು ಬಗ್ಗಿ ನೋಡಿದರು. ಸೆಕೆಂಡಿನ ಮುಳ್ಳು ಓಡುತ್ತಲೇ ಇತ್ತು.

ಊಟದ ಪಂಕ್ತಿಯಲ್ಲಿ ಯಳಂದೂರಿನಿಂದ ಬಂದಿದ್ದ ದೊಡ್ಡಪ್ಪನ ಷಡ್ಡಕರು, "ಉಡ್ಗ ಯಾವ್ ಡಿಪಾರ್ಟ್‌ಮೆಂಟು?" ಎಂದು ಕೇಳಿಯೇಬಿಟ್ಟರು. ನನ್ನ ಪಕ್ಕದಲ್ಲಿ ಮುರುಗೇಶ್ ಊಟ ನಿಲ್ಲಿಸಿದರು. ದೊಡ್ಡಪ್ಪ ಅಳಿಯನ ಎಡಗೈ ಎತ್ತಿ ವಾಚು ತೋರಿಸಿದರು.

"ನೀರಿನ್ ಡಿಪಾರ್ಟ್‌ಮೆಂಟು ಕಣಯ್ಯ. ಒಳೇಲಿ ಮೀನಿಡಿತನೆ ನಮ್ಮಳಿಯ. ನೀರಿಗ್ ಬಿದ್ರೂ ಅವ್ನ ವಾಚು ನಿಲ್ಲಾಕಿಲ್ಲ!"

ಇವತ್ತಿಗೂ ಆ ವಾಚಿನ ಹಲ್ಲು ಆಗಾಗ ನನ್ನ ಸೀರೆಯ ಎಳೆ ಕೀಳುತ್ತದೆ. ಬೈದುಕೊಂಡೇ ಸರಿಮಾಡಿಕೊಳ್ಳುತ್ತೇನೆ. ಅಂಗಡಿಯಲ್ಲಿ ಹಟ ಹಿಡಿದದ್ದಕ್ಕೆ ಮಾತ್ರ ಒಂದು ದಿನವೂ ಬೇಸರವಾಗಿಲ್ಲ. ಅವರ ಕೆಲಸ ಮುಚ್ಚಿಟ್ಟು ಮದುವೆಯಾಗಿದ್ದರೆ, ಹೊಳೆಯಿಂದ ಒದ್ದೆ ಕೈಯಲ್ಲಿ ಮನೆಗೆ ಬರುವ ಅವರ ಮುಖವನ್ನು ನಾನು ಹೇಗೆ ನೋಡುತ್ತಿದ್ದೆ?